ನವೆಂಬರ್‌ಗೂ ಮೊದಲೇ ಮುಗಿಯುವ ಚುನಾವಣೆ

ನಮ್ಮಲ್ಲಿ ಚುನಾವಣೆ ಘೋಷಣೆಯಾಯಿತೆಂದರೆ ಮೊದಲ ಸಮರ ಶುರುವಾಗುವುದು ಬಿ ಫಾರಂಗಾಗಿ. ಆಕಾಂಕ್ಷಿಗಳು ಬೆಂಗಳೂರಿಗೂ ದೆಹಲಿಗೂ ಅಲೆಯುತ್ತಾರೆ. ಮೊದಲ ಪಟ್ಟಿ, ಎರಡನೇ ಪಟ್ಟಿ ಎಂದು ಬೆಂಬಲಿಗರು ಟಿ.ವಿ. ಮುಂದೆ ಕಾಯುತ್ತಾರೆ. ಟಿಕೆಟ್ ತಪ್ಪಿದವರು ಬಂಡಾಯ ಏಳುತ್ತಾರೆ, ಇಲ್ಲವೇ ರಾತ್ರಿ ಬೆಳಗಾಗುವುದರೊಳಗೆ ಪಕ್ಷ ಬದಲಿಸುತ್ತಾರೆ. ಈ ಇಡೀ ಸಮರದಲ್ಲಿ ಮತದಾರ ಪ್ರೇಕ್ಷಕ ಮಾತ್ರ. ಅಭ್ಯರ್ಥಿ ಯಾರು ಎಂಬುದನ್ನು ಹೈಕಮಾಂಡ್ ತೀರ್ಮಾನಿಸಿದ ಮೇಲಷ್ಟೇ ಅವನ ಸರದಿ.

ಅಮೆರಿಕದಲ್ಲಿ ಈ ಟಿಕೆಟ್ ಹಂಚುವ ಅಧಿಕಾರ ಮತದಾರರ ಕೈಯಲ್ಲಿದೆ. ನವೆಂಬರ್‌ನ ಸಾರ್ವತ್ರಿಕ ಚುನಾವಣೆಗೆ ಕೆಲವು ತಿಂಗಳ ಮೊದಲು ಪ್ರತಿ ಪಕ್ಷದ ಆಕಾಂಕ್ಷಿಗಳು ಪರಸ್ಪರ ಸ್ಪರ್ಧಿಸುತ್ತಾರೆ, ಜನ ಮತಗಟ್ಟೆಗೆ ಹೋಗಿ ಮತ ಹಾಕುತ್ತಾರೆ, ಗೆದ್ದವರು ಪಕ್ಷದ ಅಭ್ಯರ್ಥಿಯಾಗುತ್ತಾರೆ. ಇದೇ ಪ್ರೈಮರಿ. ಆದರೆ ‘ಜನ’ ಎಂದರೆ ಯಾರು? ಎಲ್ಲ ಮತದಾರರೋ, ಆ ಪಕ್ಷದವರೆಂದು ಮೊದಲೇ ಹೆಸರು ಬರೆಸಿಕೊಂಡವರೋ? ಎರಡನೆಯವರಿಗೆ ಮಾತ್ರ ಪ್ರವೇಶವಿರುವ ಪದ್ಧತಿಗೆ ಕ್ಲೋಸ್ಡ್ ಪ್ರೈಮರಿ, ಮುಚ್ಚಿದ ಪ್ರೈಮರಿ ಎನ್ನುತ್ತಾರೆ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಫ್ಲಾರಿಡಾ, ಮೇರಿಲ್ಯಾಂಡ್, ಕೆಂಟಕಿ ರಾಜ್ಯಗಳಲ್ಲಿ ಇದೇ ರೂಢಿ. ಅಮೆರಿಕದ ಪ್ರಜಾಪ್ರಭುತ್ವವನ್ನು ಅರಿಯಬೇಕಾದವರು ನವೆಂಬರ್ ಚುನಾವಣೆಗಿಂತ ಹೆಚ್ಚಾಗಿ ಈ ಬಾಗಿಲನ್ನು ನೋಡಬೇಕು ಎಂಬುದು ನನ್ನ ನಂಬಿಕೆ.

ನ್ಯೂಯಾರ್ಕ್‌ನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಲ್ಲಿ ವಿಳಾಸ, ಜನ್ಮದಿನಾಂಕಗಳ ಜೊತೆಗೆ ಪಕ್ಷ ಯಾವುದೆಂಬ ಪ್ರಶ್ನೆಯೂ ಇದೆ. ಡೆಮಾಕ್ರಟಿಕ್, ರಿಪಬ್ಲಿಕನ್, ಕನ್ಸರ್ವೇಟಿವ್, ವರ್ಕಿಂಗ್ ಫ್ಯಾಮಿಲೀಸ್ ಪಕ್ಷಗಳ ಹೆಸರಿನ ಮುಂದೆ ಒಂದೊಂದು ಚೌಕ. ಯಾವ ಪಕ್ಷವೂ ಬೇಡ ಎನ್ನುವವರಿಗೂ ಒಂದು ಚೌಕ. ನಮ್ಮ ಹಾಲು ಉತ್ಪಾದಕರ ಸಂಘದಲ್ಲಿ ಷೇರುದಾರರಿಗೆ ಮಾತ್ರ ನಿರ್ದೇಶಕರ ಚುನಾವಣೆಯಲ್ಲಿ ಮತ ಇರುವಂತೆ ಇಲ್ಲೂ ಸದಸ್ಯರಿಗಷ್ಟೇ ಮತ. ಆದರೆ ಷೇರು ಕೊಳ್ಳಬೇಕಿಲ್ಲ, ಸಭೆಗೆ ಹೋಗಬೇಕಿಲ್ಲ, ಪಕ್ಷಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕಿಲ್ಲ. ಚೌಕದಲ್ಲಿ ಒಂದು ಗುರುತು ಹಾಕಿದರೆ ಸಾಕು. ಆ ಗುರುತು ಸರ್ಕಾರಿ ಕಡತಕ್ಕೆ ಸೇರುತ್ತದೆ. ನೀವು ಯಾರಿಗೆ ಮತ ಹಾಕಿದಿರಿ ಎಂಬುದು ಗುಟ್ಟು. ಯಾವ ಪಕ್ಷದಲ್ಲಿ ಹೆಸರು ಬರೆಸಿದ್ದೀರಿ ಎಂಬುದು ಬಹಿರಂಗ ಮಾಹಿತಿ.

ಮತದಾನದ ದಿನ ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ ಮತಗಟ್ಟೆ ತೆರೆದಿರುತ್ತದೆ. ಅದಕ್ಕೂ ಮುಂಚೆ ಒಂಬತ್ತು ದಿನ ಮುಂಗಡ ಮತದಾನ. ಸಿಬ್ಬಂದಿ ಟ್ಯಾಬ್ಲೆಟ್‌ನಲ್ಲಿ ಹೆಸರು ಹುಡುಕಿ, ನಿಮ್ಮ ಪಕ್ಷದ ಮತಪತ್ರ ಕೊಡುತ್ತಾರೆ. ಪೆನ್ನಿನಿಂದ ಅಂಡಾಕಾರದ ಗುರುತು ತುಂಬಿ, ಕಾಗದವನ್ನು ಸ್ಕ್ಯಾನರ್‌ಗೆ ಹಾಕಿದರೆ ಮತದಾನ ಮುಗಿಯಿತು. ಯಾವ ಪಕ್ಷಕ್ಕೂ ಸೇರದವರಿಗೆ ಕೊಡಲು ಅಲ್ಲಿ ಮತಪತ್ರವೇ ಇಲ್ಲ. ಹಟ ಹಿಡಿದರೆ ಪ್ರಮಾಣಪತ್ರದ ಜೊತೆಗಿನ ಮತಪತ್ರ ಸಿಗಬಹುದು. ಆದರೆ ಪಕ್ಷದ ಪಟ್ಟಿಯಲ್ಲಿ ಹೆಸರಿಲ್ಲವೆಂದು ಖಚಿತವಾದ ಮೇಲೆ ಅದನ್ನು ಎಣಿಸುವುದಿಲ್ಲ.

ಆಗ ಪಕ್ಷ ಬದಲಿಸಿಕೊಂಡು ಬರಬಹುದಲ್ಲ ಎನ್ನಬಹುದು. ಬದಲಿಸಬಹುದು, ಆದರೆ ಕಾಲ ಮೀರಿರುತ್ತದೆ. ಜೂನ್ ಕೊನೆಯಲ್ಲಿ ನಡೆಯುವ ಪ್ರೈಮರಿಗೆ ಪಕ್ಷ ಬದಲಿಸುವ ಗಡುವು ಫೆಬ್ರವರಿ 14. ಫೆಬ್ರವರಿ 15ರಂದು ಬಂದ ಅರ್ಜಿ ಪ್ರೈಮರಿ ಮುಗಿದು ಏಳು ದಿನ ಕಳೆಯುವವರೆಗೆ ಕಚೇರಿಯಲ್ಲೇ ಉಳಿಯುತ್ತದೆ. ‘ಯಾವ ಪಕ್ಷವೂ ಬೇಡ’ ಎಂದು ಬರೆಸಿದ್ದವರು ಪಕ್ಷವೊಂದಕ್ಕೆ ಸೇರಬೇಕೆಂದರೂ ಇದೇ ಗಡುವು. ಆದರೆ ಹೊಸದಾಗಿ ಪಟ್ಟಿಗೆ ಸೇರುವವರು ಮತದಾನಕ್ಕೆ ಹತ್ತು ದಿನ ಮೊದಲು ಅರ್ಜಿ ಕೊಟ್ಟರೂ ತಮಗಿಷ್ಟವಾದ ಪಕ್ಷದಲ್ಲಿ ಮತ ಹಾಕಬಹುದು. ಇಪ್ಪತ್ತು ವರ್ಷದಿಂದ ತಪ್ಪದೆ ಮತ ಹಾಕುತ್ತ ಬಂದವರಿಗೆ ನಾಲ್ಕು ತಿಂಗಳ ಹಿಂದಿನ ಗಡುವು, ನಿನ್ನೆ ಮೊನ್ನೆ ಬಂದವರಿಗೆ ಹತ್ತು ದಿನ. ಈ ತಾರತಮ್ಯಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ.

ಇದೂ ಸುಧಾರಣೆಯ ನಂತರದ ಸ್ಥಿತಿ. 2016ರ ಏಪ್ರಿಲ್ 19ರಂದು ನ್ಯೂಯಾರ್ಕ್‌ನಲ್ಲಿ ಅಧ್ಯಕ್ಷೀಯ ಪ್ರೈಮರಿ ನಡೆಯಿತು. ಅದಕ್ಕೆ ಪಕ್ಷ ಬದಲಿಸುವ ಗಡುವು ಹಿಂದಿನ ವರ್ಷದ ಅಕ್ಟೋಬರ್ 9. ಆರು ತಿಂಗಳಿಗೂ ಹೆಚ್ಚು ಮುಂಚೆ! ಡೊನಾಲ್ಡ್ ಟ್ರಂಪ್ ಅವರ ಮಕ್ಕಳಾದ ಇವಾಂಕಾ ಮತ್ತು ಎರಿಕ್ ರಿಪಬ್ಲಿಕನ್ ಪಕ್ಷದಲ್ಲಿ ಹೆಸರು ಬರೆಸಿರಲಿಲ್ಲ. ಗಡುವು ದಾಟಿದ್ದರಿಂದ ಸ್ವಂತ ತಂದೆಗೆ ಮತ ಹಾಕಲಾಗಲಿಲ್ಲ. ಡೆಮಾಕ್ರಟಿಕ್ ಕಡೆಯಲ್ಲಿ ಬರ್ನಿ ಸ್ಯಾಂಡರ್ಸ್ ಅವರನ್ನು ಮೆಚ್ಚಿದ ಅಸಂಖ್ಯ ಪಕ್ಷೇತರ ಮತದಾರರಿಗೂ ಇದೇ ಗತಿಯಾಯಿತು. ಅಕ್ಟೋಬರ್‌ನಲ್ಲಿ ಸ್ಪರ್ಧೆ ಇನ್ನೂ ಬಿಸಿಯೇರಿರಲಿಲ್ಲ. ಏಪ್ರಿಲ್‌ನಲ್ಲಿ ಮನಸ್ಸು ಮಾಡುವ ಹೊತ್ತಿಗೆ ಬಾಗಿಲು ಹಾಕಿತ್ತು. ಶ್ರೀಮಂತ ಉದ್ಯಮಿಯ ಮಕ್ಕಳಿಗೇ ತಿಳಿಯದ ನಿಯಮ ಎರಡು ಪಾಳಿ ದುಡಿಯುವ ಕ್ಯಾಬ್ ಚಾಲಕರಿಗೆ ತಿಳಿದಿರಬೇಕು ಎಂದು ನಿರೀಕ್ಷಿಸುವುದು ಹೇಗೆ? ಈ ಗಡುವನ್ನು ಫೆಬ್ರವರಿಗೆ ತಂದದ್ದು 2019ರಲ್ಲಿ.

ಆ ಹಳೆಯ ಗಡುವು ನ್ಯಾಯಾಲಯದಲ್ಲಿ ಗೆದ್ದು ಬಂದಿತ್ತು ಎಂಬುದನ್ನೂ ಹೇಳಬೇಕು. 1973ರಲ್ಲಿ ರೊಸಾರಿಯೊ ವಿರುದ್ಧ ರಾಕೆಫೆಲರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ನ್ಯೂಯಾರ್ಕ್ ನಿಯಮವನ್ನು ಎತ್ತಿಹಿಡಿಯಿತು. ಅರ್ಜಿದಾರರಿಗೆ ಯಾರೂ ಅಡ್ಡಿ ಮಾಡಿರಲಿಲ್ಲ, ಸಕಾಲದಲ್ಲಿ ಹೆಸರು ಬರೆಸಬಹುದಿತ್ತು ಎಂಬುದು ಒಂದು ತರ್ಕ. ಎದುರಾಳಿ ಪಕ್ಷದವರು ಬಂದು ದುರ್ಬಲ ಅಭ್ಯರ್ಥಿಯನ್ನು ಗೆಲ್ಲಿಸಿ ಹೋಗುವ ಕುಟಿಲತೆಯನ್ನು ಗಡುವು ತಡೆಯುತ್ತದೆ ಎಂಬುದು ಇನ್ನೊಂದು. ಆ ಭಯ ತೀರಾ ನಿರಾಧಾರವೂ ಅಲ್ಲ. 2008ರಲ್ಲಿ ರೇಡಿಯೊ ನಿರೂಪಕ ರಶ್ ಲಿಂಬಾ, ಡೆಮಾಕ್ರಟರ ಜಗಳ ಮುಂದುವರಿಯಲಿ ಎಂಬ ಕಾರಣಕ್ಕೆ ಹಿಲರಿ ಕ್ಲಿಂಟನ್‌ಗೆ ಮತ ಹಾಕಿ ಎಂದು ರಿಪಬ್ಲಿಕನ್ ಕೇಳುಗರಿಗೆ ಬಹಿರಂಗವಾಗಿಯೇ ಕರೆ ಕೊಟ್ಟಿದ್ದರು.

ಪಕ್ಷವೊಂದರ ಅಭ್ಯರ್ಥಿಯನ್ನು ಆ ಪಕ್ಷದವರೇ ಆರಿಸಲಿ, ಹೊರಗಿನವರಿಗೇಕೆ ಅದರ ಉಸಾಬರಿ ಎಂಬ ವಾದಕ್ಕೆ ನಿಜವಾಗಿಯೂ ತೂಕವಿದೆ. ಕರಪತ್ರ ಹಂಚಿ, ಮನೆ ಮನೆ ತಿರುಗಿ ಪಕ್ಷ ಕಟ್ಟಿದವರ ಮಾತಿಗೆ ಬೆಲೆ ಇರಲೇಬೇಕು. ಕ್ಯಾಲಿಫೋರ್ನಿಯಾ 1996ರಲ್ಲಿ ಯಾರು ಬೇಕಾದರೂ ಯಾವ ಪಕ್ಷದ ಆಕಾಂಕ್ಷಿಗಾದರೂ ಮತ ಹಾಕುವ ಪದ್ಧತಿಯನ್ನು ಜನಮತದ ಮೂಲಕ ತಂದಾಗ, 2000ದಲ್ಲಿ ಸುಪ್ರೀಂ ಕೋರ್ಟ್ ಅದನ್ನು 7–2ರಿಂದ ರದ್ದು ಮಾಡಿತು. ತಮ್ಮ ಧ್ವಜ ಹಿಡಿಯುವವರನ್ನು ತಾವೇ ಆರಿಸುವುದು ಪಕ್ಷದ ಸಂಘಟನಾ ಸ್ವಾತಂತ್ರ್ಯದ ತಿರುಳು ಎಂದಿತು. ಅದಕ್ಕೂ ಮೊದಲು, 1986ರ ಕನೆಕ್ಟಿಕಟ್ ಪ್ರಕರಣದಲ್ಲಿ ಇದರ ಇನ್ನೊಂದು ಮಗ್ಗುಲನ್ನೂ ಹೇಳಿತ್ತು: ಪಕ್ಷವೇ ಪಕ್ಷೇತರರನ್ನು ಒಳಗೆ ಕರೆದರೆ ರಾಜ್ಯ ಸರ್ಕಾರ ಅಡ್ಡ ನಿಲ್ಲುವಂತಿಲ್ಲ. ಅಂದರೆ ಬಾಗಿಲಿನ ಕೀಲಿಕೈ ಬಹುಮಟ್ಟಿಗೆ ಪಕ್ಷದ್ದು.

ಆದರೆ ಪ್ರೈಮರಿ ಪಕ್ಷದ ಮನೆಯೊಳಗಿನ ವಿಷಯ ಮಾತ್ರವೇ? ಈ ಪ್ರಶ್ನೆಗೆ ಅಮೆರಿಕದ ಇತಿಹಾಸ ರಕ್ತ ಬಸಿದು ಉತ್ತರ ಕಂಡುಕೊಂಡಿದೆ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಟೆಕ್ಸಾಸ್‌ನಲ್ಲಿ ಡೆಮಾಕ್ರಟಿಕ್ ಪಕ್ಷ ಬಿಟ್ಟರೆ ಬೇರೆ ಪಕ್ಷ ಗೆಲ್ಲುವ ಮಾತೇ ಇರಲಿಲ್ಲ. ಪ್ರೈಮರಿಯಲ್ಲಿ ಗೆದ್ದವರು ನವೆಂಬರ್‌ನಲ್ಲಿ ಗೆದ್ದಂತೆಯೇ. ಆ ಪ್ರೈಮರಿಗೆ ಕಪ್ಪು ಜನರಿಗೆ ಪ್ರವೇಶವಿಲ್ಲ ಎಂದು 1923ರಲ್ಲಿ ಕಾನೂನೇ ಬಂತು. ಎಲ್ ಪಾಸೊ ನಗರದ ವೈದ್ಯ ಲಾರೆನ್ಸ್ ನಿಕ್ಸನ್ ಅದನ್ನು ಪ್ರಶ್ನಿಸಿ 1927ರಲ್ಲಿ ಗೆದ್ದರು. ರಾಜ್ಯ ಸುಮ್ಮನಿರಲಿಲ್ಲ, ಯಾರನ್ನು ಸೇರಿಸಬೇಕೆಂದು ಪಕ್ಷದ ಕಾರ್ಯಕಾರಿ ಸಮಿತಿಯೇ ನಿರ್ಧರಿಸಲಿ ಎಂದು ಕಾನೂನು ತಿದ್ದಿತು. ನಿಕ್ಸನ್ ಮತ್ತೆ ಕೋರ್ಟಿಗೆ ಹೋಗಿ 1932ರಲ್ಲಿ ಮತ್ತೆ ಗೆದ್ದರು. ಆಗ ಪಕ್ಷದ ಸಮಾವೇಶವೇ ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂದು ಠರಾವು ಮಾಡಿತು. ಪಕ್ಷ ಖಾಸಗಿ ಸಂಘ, ಅದರ ನಿರ್ಧಾರ ಅದಕ್ಕೆ ಬಿಟ್ಟದ್ದು ಎಂದು 1935ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಬಿಟ್ಟಿತು.

ಹ್ಯೂಸ್ಟನ್‌ನ ದಂತವೈದ್ಯ ಲೋನಿ ಸ್ಮಿತ್ ಅವರಿಗೆ 1940ರ ಪ್ರೈಮರಿಯಲ್ಲಿ ಮತಪತ್ರ ನಿರಾಕರಿಸಲಾಯಿತು. ಅವರ ಪರವಾಗಿ ವಾದಿಸಿದವರಲ್ಲಿ ತರುಣ ವಕೀಲ ತರ್ಗುಡ್ ಮಾರ್ಷಲ್ ಇದ್ದರು. ಮುಂದೆ 1967ರಲ್ಲಿ ಅದೇ ಸುಪ್ರೀಂ ಕೋರ್ಟ್‌ನ ಮೊದಲ ಕಪ್ಪು ನ್ಯಾಯಮೂರ್ತಿಯಾದವರು. 1944ರಲ್ಲಿ ಕೋರ್ಟ್ 8–1ರಿಂದ ತನ್ನ ಹಿಂದಿನ ತೀರ್ಪನ್ನೇ ತಿರುವಿಹಾಕಿತು. ಪ್ರತಿನಿಧಿಯನ್ನು ಆರಿಸುವ ಪ್ರಕ್ರಿಯೆಯ ಅವಿಭಾಜ್ಯ ಅಂಗವಾಗಿರುವ ಪ್ರೈಮರಿಯಲ್ಲಿ ಪಕ್ಷ ರಾಜ್ಯದ ಕೆಲಸವನ್ನೇ ಮಾಡುತ್ತಿರುತ್ತದೆ, ಹಾಗಾಗಿ ಸಂವಿಧಾನ ಅಲ್ಲಿಗೂ ಅನ್ವಯಿಸುತ್ತದೆ ಎಂದಿತು. ಇಂದಿನ ಮುಚ್ಚಿದ ಪ್ರೈಮರಿ ಜನಾಂಗದ ಹೆಸರಿನಲ್ಲಿ ಯಾರನ್ನೂ ತಡೆಯುವುದಿಲ್ಲ. ಅವೆರಡನ್ನು ಸಮವೆನ್ನುವುದು ಅನ್ಯಾಯ. ಆದರೂ ಆ ತೀರ್ಪು ಕಲಿಸಿದ ಪಾಠ ಇಂದಿಗೂ ನಿಲ್ಲುತ್ತದೆ: ನಿಜವಾದ ಆಯ್ಕೆ ಎಲ್ಲಿ ನಡೆಯುತ್ತದೋ ಮತದಾನದ ಹಕ್ಕು ಅಲ್ಲಿರಬೇಕು.

ಹಾಗಾದರೆ ಇಂದು ನಿಜವಾದ ಆಯ್ಕೆ ನಡೆಯುವುದು ಎಲ್ಲಿ? ಅಮೆರಿಕದ ಬಹುಪಾಲು ಕ್ಷೇತ್ರಗಳು ಒಂದಲ್ಲ ಒಂದು ಪಕ್ಷದ ಭದ್ರಕೋಟೆಗಳು. 2018ರ ಜೂನ್ 26ರಂದು ನ್ಯೂಯಾರ್ಕ್‌ನ 14ನೇ ಸಂಸತ್ ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್, ಪಕ್ಷದ ಸಂಸದೀಯ ನಾಯಕರ ಸಾಲಿನಲ್ಲಿದ್ದ ಜೋ ಕ್ರೌಲಿಯನ್ನು ಸೋಲಿಸಿದಾಗ ದೇಶವೇ ಬೆರಗಾಯಿತು. ಸುಮಾರು ಏಳು ಲಕ್ಷ ಜನರಿರುವ ಆ ಕ್ಷೇತ್ರದ ಪ್ರತಿನಿಧಿ ಯಾರೆಂದು ಅಂದು ತೀರ್ಮಾನಿಸಿದ್ದು ಸುಮಾರು 30 ಸಾವಿರ ಮತಗಳು. ನವೆಂಬರ್‌ನಲ್ಲಿ ಉಳಿದಿದ್ದು ಮುದ್ರೆ ಒತ್ತುವ ಕೆಲಸ.

ನ್ಯೂಯಾರ್ಕ್ ನಗರದ ಮೇಯರ್ ಹುದ್ದೆಯ ಕಥೆಯೂ ಹೆಚ್ಚು ಬೇರೆಯಲ್ಲ. 2013ರಿಂದ ಈಚೆಗೆ ನಡೆದ ಎಲ್ಲ ಮೇಯರ್ ಚುನಾವಣೆಗಳಲ್ಲೂ ಡೆಮಾಕ್ರಟಿಕ್ ಪ್ರೈಮರಿ ಗೆದ್ದವರೇ ಮೇಯರ್ ಆಗಿದ್ದಾರೆ. 2021ರಲ್ಲಿ ಎರಿಕ್ ಆಡಮ್ಸ್ ಪ್ರೈಮರಿಯ ಕೊನೆಯ ಸುತ್ತಿನಲ್ಲಿ ಕ್ಯಾಥರಿನ್ ಗಾರ್ಸಿಯಾಗಿಂತ ಮುಂದಿದ್ದದ್ದು 7,197 ಮತಗಳಿಂದ. 2025ರ ಜೂನ್ 24ರಂದು ಜೊಹ್ರಾನ್ ಮಮ್ದಾನಿ ಮಾಜಿ ಗವರ್ನರ್ ಆಂಡ್ರ್ಯೂ ಕ್ವೋಮೊ ಅವರನ್ನು ಮಣಿಸಿದ್ದೂ ಇದೇ ಮುಚ್ಚಿದ ಪ್ರೈಮರಿಯಲ್ಲಿ. ಅದರಲ್ಲಿ ಚಲಾವಣೆಯಾದ ಮತಗಳು ಹತ್ತು ಲಕ್ಷಕ್ಕೆ ತುಸು ಹೆಚ್ಚು. ಅಲ್ಲಿ ಮತದಾರರು ಐವರವರೆಗೆ ಆದ್ಯತೆಯ ಕ್ರಮದಲ್ಲಿ ಆರಿಸಬಹುದು. ಮೊದಲ ಆಯ್ಕೆ ಸೋತರೆ ಮತ ಎರಡನೆಯವರಿಗೆ ಹೋಗುತ್ತದೆ. ಹಾಗಾಗಿ ಸ್ಪರ್ಧಿಯಾಗಿದ್ದ ಬ್ರ್ಯಾಡ್ ಲ್ಯಾಂಡರ್ ಮತ್ತು ಮಮ್ದಾನಿ ಪರಸ್ಪರರನ್ನು ಎರಡನೇ ಆಯ್ಕೆಯಾಗಿ ಸೂಚಿಸಲು ಸಾಧ್ಯವಾಯಿತು. ನಗರದಲ್ಲಿ ಯಾವ ಪಕ್ಷಕ್ಕೂ ಸೇರದ ಮತದಾರರು ಹತ್ತು ಲಕ್ಷಕ್ಕೂ ಹೆಚ್ಚಿದ್ದಾರೆ. ಇಷ್ಟೆಲ್ಲ ನಡೆದ ದಿನ ಅವರಿಗೆ ಮತ ಇರಲಿಲ್ಲ. ಕ್ವೋಮೊ ಸ್ವತಂತ್ರರಾಗಿ ನಿಂತಿದ್ದರಿಂದ ನವೆಂಬರ್ 4ರಂದು ನಿಜವಾದ ಸ್ಪರ್ಧೆಯೊಂದು ಉಳಿದಿತ್ತು, 20 ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು. ಅಂಥ ವರ್ಷಗಳು ಅಪರೂಪ.

ಎರಡು ಬಗೆಯ ಮತದಾರರು ಎರಡು ಬಗೆಯ ಫಲಿತಾಂಶ ಕೊಡಬಲ್ಲರು ಎಂಬುದಕ್ಕೆ ಕನೆಕ್ಟಿಕಟ್ ರಾಜ್ಯದ 2006ರ ಸೆನೆಟ್ ಚುನಾವಣೆಗಿಂತ ಸ್ಪಷ್ಟ ಸಾಕ್ಷಿ ಬೇಡ. ಅಲ್ಲಿಯ ಪ್ರೈಮರಿಯೂ ಮುಚ್ಚಿದ್ದು. ಇರಾಕ್ ಯುದ್ಧವನ್ನು ಬೆಂಬಲಿಸಿದ ಸಿಟ್ಟಿಗೆ ಡೆಮಾಕ್ರಟರು ಹಾಲಿ ಸೆನೆಟರ್ ಜೋ ಲೀಬರ್‌ಮನ್ ಅವರನ್ನು ಬಿಟ್ಟು ನೆಡ್ ಲಾಮಾಂಟ್ ಅವರನ್ನು ಆರಿಸಿದರು. ಲೀಬರ್‌ಮನ್ ಸ್ವತಂತ್ರರಾಗಿ ಕಣದಲ್ಲಿ ಉಳಿದರು, ಮೂರು ತಿಂಗಳ ನಂತರ ಇಡೀ ರಾಜ್ಯ ಮತ ಹಾಕಿದಾಗ ನಿರಾಯಾಸವಾಗಿ ಗೆದ್ದರು. ಸೋತವರು ಹೀಗೆ ಮತ್ತೆ ನಿಲ್ಲುವುದನ್ನು ಬಹಳಷ್ಟು ರಾಜ್ಯಗಳ ಕಾನೂನು ತಡೆಯುತ್ತದೆ. ಅಲ್ಲಿ ಪ್ರೈಮರಿಯ ತೀರ್ಪೇ ಕೊನೆಯ ತೀರ್ಪು.

ಬೇರೆ ದಾರಿಗಳೂ ಇವೆ. ಟೆಕ್ಸಾಸ್, ಮಿಷಿಗನ್, ವಿಸ್ಕಾನ್ಸಿನ್‌ಗಳಲ್ಲಿ ಪಕ್ಷದ ನೋಂದಣಿಯೇ ಇಲ್ಲ. ಮತದಾನದ ದಿನ ಯಾವುದಾದರೂ ಒಂದು ಪಕ್ಷದ ಪ್ರೈಮರಿಯನ್ನು ಆರಿಸಿಕೊಳ್ಳಬಹುದು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಡೆಟ್ರಾಯಿಟ್‌ನಿಂದ ಅಮೆರಿಕದ ಸಂಸತ್ತಿಗೆ ಹೋದದ್ದು ಮಿಷಿಗನ್‌ನ ಇಂಥ ತೆರೆದ ಪ್ರೈಮರಿ ಗೆದ್ದು. ಹಲವರಿದ್ದ ಆ 2022ರ ಕಣದಲ್ಲಿ ಅವರಿಗೆ ಬಂದದ್ದು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಮತ. ನವೆಂಬರ್‌ನಲ್ಲಿ ಶೇ 70ಕ್ಕೂ ಹೆಚ್ಚು. ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್‌ಗಳಲ್ಲಿ ನಡುದಾರಿ: ಪಕ್ಷದವರು ತಮ್ಮ ಪಕ್ಷದಲ್ಲೇ ಮತ ಹಾಕಬೇಕು, ಪಕ್ಷೇತರರು ಅಂದೇ ಒಂದನ್ನು ಆರಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ರಾಜ್ಯಗಳಲ್ಲಿ ಎಲ್ಲ ಪಕ್ಷದವರೂ ಒಂದೇ ಮತಪತ್ರದಲ್ಲಿರುತ್ತಾರೆ, ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ.

ಬಾಗಿಲು ತೆರೆದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. 2014ರಲ್ಲಿ ರಿಪಬ್ಲಿಕನ್ ಬಹುಮತದ ನಾಯಕ ಎರಿಕ್ ಕ್ಯಾಂಟರ್ ಅವರನ್ನು ಹೆಚ್ಚು ಕಟ್ಟರ್ ಸ್ಪರ್ಧಿಯೊಬ್ಬರು ಸೋಲಿಸಿದ್ದು ವರ್ಜೀನಿಯಾದ ತೆರೆದ ಪ್ರೈಮರಿಯಲ್ಲೇ. ಜನ ಬಾರದಿದ್ದರೆ ತೆರೆದ ಬಾಗಿಲಿನಿಂದಲೂ ಕೆಲವರೇ ಒಳಗೆ ಹೋಗುತ್ತಾರೆ.

ಹಾಗಾಗಿ ನನ್ನ ವಾದ ಇಷ್ಟು. ಪ್ರೈಮರಿ ಪಕ್ಷದ ಸದಸ್ಯರಿಗೆ ಮೀಸಲಾಗಿರಲಿ, ಅದಕ್ಕೆ ತಕರಾರಿಲ್ಲ. ಆದರೆ ಅದನ್ನು ನಡೆಸುವುದು ಸರ್ಕಾರ. ಮತಗಟ್ಟೆ, ಯಂತ್ರ, ಸಿಬ್ಬಂದಿಯ ಖರ್ಚು ಪಕ್ಷೇತರರೂ ಕಟ್ಟುವ ತೆರಿಗೆಯಿಂದ ಬರುತ್ತದೆ. ಆದ್ದರಿಂದ ಪಕ್ಷ ಸೇರುವ ಅವಕಾಶ ಪ್ರೈಮರಿಯ ಹೊಸ್ತಿಲವರೆಗೂ ಇರಬೇಕು. ಪಕ್ಷೇತರ ಮತದಾರ ಮತಗಟ್ಟೆಗೆ ಬಂದು, ಅಲ್ಲೇ ಪಕ್ಷಕ್ಕೆ ಹೆಸರು ಬರೆಸಿ ಮತ ಹಾಕುವಂತಾಗಬೇಕು. ಎದುರಾಳಿ ಪಕ್ಷದಿಂದ ಜಿಗಿದು ಬರುವವರನ್ನು ತಡೆಯಲು ಅವರಿಗಷ್ಟೇ ಮುಂಗಡ ಗಡುವು ಇರಲಿ. ಎಲ್ಲೂ ಸೇರದವರನ್ನು ಆ ಗುಮಾನಿಯಿಂದ ನೋಡುವುದು ಬೇಡ. ಅರ್ಜಿಯಲ್ಲಿ ಚೌಕ ಖಾಲಿ ಬಿಟ್ಟರೆ ಏನು ಕಳೆದುಕೊಳ್ಳುತ್ತೀರಿ ಎಂಬುದು ದಪ್ಪ ಅಕ್ಷರದಲ್ಲಿರಬೇಕು. ಗಡುವು ಹತ್ತಿರವಾದಾಗ ಪ್ರತಿ ಪಕ್ಷೇತರ ಮತದಾರರ ಮನೆಗೆ ಪತ್ರ ಹೋಗಬೇಕು.

ಒಂದೇ ಪಕ್ಷದವರು ಮಾತ್ರ ಕಣದಲ್ಲಿದ್ದರೆ ಪ್ರೈಮರಿ ಎಲ್ಲರಿಗೂ ತೆರೆಯಬೇಕು. ಫ್ಲಾರಿಡಾದ ಮತದಾರರು 1998ರಲ್ಲೇ ಸಂವಿಧಾನ ತಿದ್ದುಪಡಿಯ ಮೂಲಕ ಈ ನಿಯಮ ತಂದರು. ಆದರೆ ಮತಪತ್ರದಲ್ಲಿ ಹೆಸರಿಲ್ಲದ, ಮತದಾರರೇ ಹೆಸರು ಬರೆದು ಆರಿಸಬೇಕಾದ ಅಭ್ಯರ್ಥಿಯೊಬ್ಬ ನಾಮಪತ್ರ ಕೊಟ್ಟರೂ ಅಲ್ಲಿ ಎದುರಾಳಿ ಇದ್ದಂತೆ ಎಂದು ಪರಿಗಣಿಸಲಾಗುತ್ತದೆ. ಹೀಗೆ ಒಬ್ಬ ನಾಮಕಾವಸ್ತೆ ಅಭ್ಯರ್ಥಿಯಿಂದ ಸಾವಿರಾರು ಜನರ ಮತ ಕೈತಪ್ಪುತ್ತದೆ. 2020ರಲ್ಲಿ ಪ್ರೈಮರಿಗಳನ್ನೇ ತೆರೆಯುವ ಪ್ರಸ್ತಾವಕ್ಕೆ ಅಲ್ಲಿ ಶೇ 57ರಷ್ಟು ಬೆಂಬಲ ಬಂತು. ಬೇಕಿದ್ದದ್ದು ಶೇ 60. ಹೆಚ್ಚಿನ ಜನರಿಗೆ ಬೇಕಾದ ಸುಧಾರಣೆ ಬಿದ್ದುಹೋಯಿತು.

ಅಮೆರಿಕದ ಈ ಬಾಗಿಲನ್ನು ಟೀಕಿಸುವಾಗ ನಮ್ಮಲ್ಲಿ ಬಾಗಿಲೇ ಇಲ್ಲ ಎಂಬುದನ್ನು ಮರೆಯಬಾರದು. 2014ರ ಲೋಕಸಭಾ ಚುನಾವಣೆಗೆ ಮುನ್ನ ರಾಹುಲ್ ಗಾಂಧಿಯವರ ಉತ್ಸಾಹದಿಂದ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಪ್ರೈಮರಿ ಪ್ರಯೋಗ ಮಾಡಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಆಯ್ಕೆಯಾದವು. ಮತ ಹಾಕಿದ್ದು ಪಕ್ಷದ ಪದಾಧಿಕಾರಿಗಳು. ಅಂದರೆ ಅದು ಅಮೆರಿಕದ ಮುಚ್ಚಿದ ಪ್ರೈಮರಿಗಿಂತಲೂ ಬಿಗಿಯಾದದ್ದು. ಸಿ. ನಾರಾಯಣಸ್ವಾಮಿ ಮತ್ತು ಜನಾರ್ದನ ಪೂಜಾರಿ ಗೆದ್ದು ಅಭ್ಯರ್ಥಿಗಳಾದರು, ಚುನಾವಣೆಯಲ್ಲಿ ಡಿ.ವಿ. ಸದಾನಂದ ಗೌಡ ಮತ್ತು ನಳಿನ್ ಕುಮಾರ್ ಕಟೀಲ್ ಅವರೆದುರು ಸೋತರು. ಪ್ರಯೋಗ ಮುಂದುವರಿಯಲಿಲ್ಲ. ಸೋಲಿಗೆ ಆ ವರ್ಷದ ಅಲೆ ಕಾರಣವೇ ಹೊರತು ಪದ್ಧತಿ ಅಲ್ಲ ಎಂದು ನಂಬುತ್ತೇನೆ. ಟಿಕೆಟ್ ಹಂಚಿಕೆಯಲ್ಲಿ ಹೈಕಮಾಂಡ್‌ನ ಹೊರಗಿನವರಿಗೂ ಒಂದು ಮತ ಕೊಡುವ ಆ ಯೋಚನೆ ಇನ್ನಷ್ಟು ತಾಳ್ಮೆಗೆ ಅರ್ಹವಾಗಿತ್ತು.

ಅಮೆರಿಕದ ಪೌರತ್ವ ಪಡೆದ ಕನ್ನಡಿಗರಿಗೆ ಕೊನೆಯದಾಗಿ ಒಂದು ಮಾತು. ಎಚ್-1ಬಿ ವೀಸಾ ಅಥವಾ ಗ್ರೀನ್ ಕಾರ್ಡ್ ಇರುವವರು ಈ ಚುನಾವಣೆಗಳಲ್ಲಿ ಮತ ಹಾಕುವಂತಿಲ್ಲ, ಹಾಕಿದರೆ ಅಪರಾಧ. ಪೌರರಾದವರು ಮಾತ್ರ ನೋಂದಣಿ ಅರ್ಜಿಯ ಆ ಚೌಕವನ್ನು ಸಂಕೋಚದಿಂದ ಖಾಲಿ ಬಿಡಬೇಡಿ. ನಮಗೇಕೆ ರಾಜಕೀಯ ಎಂಬ ಹಿಂಜರಿಕೆ ಅರ್ಥವಾಗುವಂಥದ್ದೇ. ಆದರೆ ಅಲ್ಲಿ ಗುರುತು ಹಾಕಿದ ಮಾತ್ರಕ್ಕೆ ನೀವು ಯಾವ ಪಕ್ಷದ ಆಳೂ ಆಗುವುದಿಲ್ಲ. ನವೆಂಬರ್‌ನಲ್ಲಿ ಯಾರಿಗೆ ಬೇಕಾದರೂ ಮತ ಹಾಕಬಹುದು. ನಿಮ್ಮ ಮಕ್ಕಳ ಶಾಲೆ, ನಿಮ್ಮ ಮನೆಯ ತೆರಿಗೆ, ನಿಮ್ಮ ಬೀದಿಯ ಬಸ್ಸು ಇವುಗಳ ಬಗ್ಗೆ ತೀರ್ಮಾನಿಸುವವರು ನಿಮ್ಮ ಊರಿನಲ್ಲಿ ಜೂನ್‌ನಲ್ಲೇ ಆರಿಸಿಬರುತ್ತಾರೆ ಎಂದಾದರೆ, ನಿಮ್ಮ ಮತವೂ ಜೂನ್‌ನಲ್ಲೇ ಬೀಳಬೇಕು. ನಿಯಮ ಬದಲಾಗಲಿ ಎಂದು ಹೋರಾಡುವುದು ಒಂದು ಕೆಲಸ. ಅದು ಬದಲಾಗುವವರೆಗೆ ನಿಮ್ಮ ರಾಜ್ಯದ ಗಡುವನ್ನು ತಿಳಿದು, ಅದಕ್ಕೆ ಮೊದಲೇ ಹೆಸರು ಬರೆಸುವುದು ಅಷ್ಟೇ ಮುಖ್ಯವಾದ ಇನ್ನೊಂದು ಕೆಲಸ.